ಉಂಗುರವಿದ್ದ ಚಿತ್ರ

ಟಾರ್ಟು ಊರಿನ ಆಸ್ಪತ್ರೆಯ ನೆಲಮಾಳಿಗೆ.
ಮೂರೂವರೆಗೇ ಕತ್ತಲಾಗುವ ತಿಂಗಳು.
ನನ್ನ ಕೆಲಸ ಕೈ ಓದುವುದು.
ಕಣಿ ಅಲ್ಲ. ಎಕ್ಸ್‌ರೇಗೆ ಅಂಗೈಯ ಗೆರೆ ಕಾಣುವುದಿಲ್ಲ.
ನನಗೆ ಸಿಗುವುದು ಹಣೆಬರಹವೂ ಅಲ್ಲ,
ಬರೀ ಮೂಳೆಬರಹ.

ಒಂದೊಂದು ಕೈಯಲ್ಲಿ ಹದಿನಾರು ಕಡೆ ಸವೆತ ಹುಡುಕಬೇಕು,
ಹದಿನೈದು ಕಡೆ ಸಂದಿನ ಅಗಲ ನೋಡಬೇಕು.
ಇಲಿ ಕಡಿದ ರೊಟ್ಟಿಯಂಚಿನ ಹಾಗೆ
ಗೆಣ್ಣಿನ ತುದಿ ಚೂರು ಹೋಗಿದ್ದರೆ ಒಂದು ಅಂಕ.
ಇಲಿ ಮತ್ತೆ ಬಂದಿದ್ದರೆ ಎರಡು, ಮೂರು.
ರೊಟ್ಟಿಯೇ ಕುಸಿದಿದ್ದರೆ ಐದು.
ಸಂದು ಮುಚ್ಚಿ ಮೂಳೆಗೆ ಮೂಳೆ ಬೆಸೆದಿದ್ದರೆ ನಾಲ್ಕು.
ವ್ಯಾಕರಣದ ಮೇಷ್ಟರಿಗೆ ಎರಡು ಕೂಡಿದರೆ ಸಂಧಿ;
ನಮ್ಮಲ್ಲಿ ಕೂಡಿದರೆ ಸಂಧಿ ಮುಗಿಯಿತು.

ಒಬ್ಬೊಬ್ಬರದೂ ಎರಡು ಚಿತ್ರ, ನಡುವೆ ಎರಡು ವರ್ಷ.
ಯಾವುದು ಮೊದಲಿನದು, ಯಾವುದು ಆಮೇಲಿನದು,
ನನಗೆ ಹೇಳುವುದಿಲ್ಲ.
ತಾರೀಕಿನ ಮೇಲೆ ಕರಿಪಟ್ಟಿ, ಹೆಸರಿನ ಮೇಲೆ ಕರಿಪಟ್ಟಿ.
ಗೊತ್ತಾದರೆ ಕಣ್ಣು ಕಥೆ ಕಟ್ಟುತ್ತದೆ,
ಕಥೆಗೆ ತಕ್ಕ ಹಾಗೆ ಅಂಕ ಕೊಡುತ್ತದೆ.

ನಲವತ್ತೊಂದನೆಯವಳು.
ಒಂದು ಚಿತ್ರದಲ್ಲಿ, ಬಲಗೈಯ ಉಂಗುರದ ಬೆರಳಲ್ಲಿ,
ಮೂಳೆಗಿಂತ ಬೆಳ್ಳಗೆ, ಹಾಲಿಗಿಂತ ಬೆಳ್ಳಗೆ,
ಒಂದು ಉಂಗುರ.
ಇನ್ನೊಂದರಲ್ಲಿ ಬೆರಳು ಬೋಳು.

ಕರಿಪಟ್ಟಿ ಹಚ್ಚಿದವರಿಗೆ ಇದು ಹೊಳೆದಿರಲಿಲ್ಲ.
ನನಗೆ ಹೊಳೆಯಿತು. ಎಷ್ಟು ಬೇಗ ಹೊಳೆಯಿತು!
ಮೊದಲು ಉಂಗುರವಿತ್ತು. ಗೆಣ್ಣು ಬಾತಿತು.
ಸೋಪು ಹಚ್ಚಿದರು, ನೂಲು ಸುತ್ತಿ ಎಳೆದರು,
ಕೊನೆಗೆ ಅಕ್ಕಸಾಲಿಯ ಕತ್ತರಿ.
ಬೋಳು ಬೆರಳನ್ನು ಮತ್ತೆ ಮತ್ತೆ ದೊಡ್ಡದು ಮಾಡಿ ನೋಡಿದೆ.
ಮಣಿಕಟ್ಟಿನ ಹತ್ತಿರ ಒಂದು ನೆರಳು.
ಸವೆತವೇ? ಇರಬಹುದು.
ಉಂಗುರವಿದ್ದದ್ದಕ್ಕೆ ಇಪ್ಪತ್ತಮೂರು ಬರೆದೆ,
ಇಲ್ಲದ್ದಕ್ಕೆ ಇಪ್ಪತ್ತನಾಲ್ಕು.
ಮನೆಗೆ ಹೋಗಿ ಬೀಟ್‌ರೂಟ್ ಸೂಪು ಬಿಸಿ ಮಾಡಿಕೊಂಡೆ.
ತಿನ್ನುವಾಗಲೂ ಆ ಕತ್ತರಿ.

ಎಲ್ಲರ ಎಣಿಕೆ ಮುಗಿದ ಮೇಲೆ, ಮಾರ್ಚಿಯಲ್ಲಿ,
ಬೀಗದ ಪಟ್ಟಿ ತೆರೆದರು.
ನನ್ನ ಜೊತೆಯ ಓದುಗ ಕೌಪೊ ಎರಡಕ್ಕೂ ಇಪ್ಪತ್ತಮೂರು ಕೊಟ್ಟಿದ್ದ.
ಬೋಳು ಬೆರಳು ಮೊದಲಿನದು.
ಉಂಗುರ ಆಮೇಲಿನದು.

"ಲೇಲೊ," ಅಂದ ಕೌಪೊ, "ನಿನ್ನ ಆ ಒಂದು ಅಂಕ ಯಾರದು?"
ನನ್ನ ಬಳಿ ಉತ್ತರವಿರಲಿಲ್ಲ.
ಕಾಗದದಲ್ಲಿ ಬರೆದುಕೊಟ್ಟೆ:
ನಲವತ್ತೊಂದು, ಉಂಗುರ ಕಂಡೆ, ಕುರುಡು ಕೆಟ್ಟಿತು,
ನನ್ನ ಅಂಕ ಕೈಬಿಡಿ.

ಚಿತ್ರ ತೆಗೆದ ವೀವಿಕಾಳಿಗೆ ಆಕೆ ನೆನಪಿದ್ದಳು.
ಹಾಪ್ಸಲು ಕಡಲೂರಿನವಳು, ಶಾಲು ಹೆಣೆಯುವವಳು.
ಅಲ್ಲಿಯ ಶಾಲು ಉಂಗುರದೊಳಗೆ ತೂರಿಹೋಗಬೇಕು,
ಹಾಗೆ ಹೋದರೇ ನಯ ಅಂತ ಲೆಕ್ಕ.
ವಾರಕ್ಕೊಂದು ದಿನ ಮೆಥೋಟ್ರೆಕ್ಸೇಟ್,
ಸೋಮವಾರ ರಾತ್ರಿ, ಮಂಗಳವಾರವೆಲ್ಲ ವಾಕರಿಕೆ.
ನಡುವೆ ಸಣ್ಣ ಹಳದಿ ಮಾತ್ರೆ, ಆಗಾಗ ರಕ್ತ ಪರೀಕ್ಷೆ.
ಎರಡು ವರ್ಷ ಉಂಗುರ ಸಕ್ಕರೆ ಡಬ್ಬಿಯಲ್ಲಿತ್ತಂತೆ.
"ತೆಗೆಯಿರಿ, ಚಿತ್ರಕ್ಕೆ ಅಡ್ಡ," ಅಂದಳಂತೆ ವೀವಿಕಾ.
"ಮೊನ್ನೆಯಷ್ಟೇ ಹತ್ತಿದೆ," ಅಂದಳಂತೆ ಆಕೆ,
"ತೆಗೆಯಲಾರೆ. ಬೇಕಾದರೆ ಹಾಗೇ ತೆಗೆ."

ಕತ್ತರಿ ಎಲ್ಲೂ ಇರಲಿಲ್ಲ. ನಾನೇ ತಂದದ್ದು.

ಬಾವು ಇಳಿಯಿತು; ಕಡಿದ ಅಂಚು ಮಾತ್ರ ಬೆಳೆಯಲಿಲ್ಲ.
ಇಪ್ಪತ್ತಮೂರು ಇಪ್ಪತ್ತೆರಡಾಗುವುದಿಲ್ಲ.
ಒಂದೇ ಕಣ್ಣಿಗೆ ಏಳು ಎಳೆ ಎತ್ತಿ ಕಟ್ಟುವ ಮೊಗ್ಗನ್ನು
ಈಗ ಅವಳ ತಂಗಿ ಹೆಣೆಯುತ್ತಾಳಂತೆ,
ಇವಳು ಅಂಚು ಮಾತ್ರ.
ನಮ್ಮ ವರದಿಯಲ್ಲಿ ಅವಳ ಸಾಲು ಗಿಡ್ಡ:
ಎರಡು ವರ್ಷ, ಬದಲಾವಣೆ ಸೊನ್ನೆ.

ಸೊನ್ನೆಯನ್ನು ಬರೆದು
ಸ್ವಲ್ಪ ಹೊತ್ತು ನೋಡಿದೆ.
ದುಂಡಗಿತ್ತು.
ನಲವತ್ತೆರಡನೆಯವರ ಕೈ ತೆರೆದೆ.