ತಳದ ತಟ್ಟೆ

ಏಳು ಜರಡಿ, ಒಂದರ ತಲೆಯ ಮೇಲೊಂದು.
ದೊಡ್ಡ ಕಣ್ಣಿನದು ಮೇಲೆ,
ಕಣ್ಣೇ ಇಲ್ಲವೇನೋ ಎಂಬಂಥದು ಕೆಳಗೆ,
ಅದಕ್ಕೂ ಕೆಳಗೆ ತೂತಿಲ್ಲದ ತಟ್ಟೆ.
ಫುಜೈರಾದ ಕಲ್ಲುಗಣಿಯ ಪಕ್ಕ, ತಗಡಿನ ಲ್ಯಾಬಿನಲ್ಲಿ
ಹದಿಮೂರು ವರ್ಷದಿಂದ ನನ್ನ ಕೆಲಸ ಇಷ್ಟೆ:
ಮರಳು ಸುರಿಯುವುದು, ಗುಂಡಿ ಒತ್ತುವುದು,
ಹತ್ತು ನಿಮಿಷ ಯಂತ್ರ ಮೈದುಂಬಿದಂತೆ ನಡುಗುವಾಗ
ಒಂದು ಸುಲೇಮಾನಿ ಕುಡಿಯುವುದು,
ಆಮೇಲೆ ಯಾರು ಎಲ್ಲಿ ನಿಂತರೆಂದು
ತೂಗಿ ಬರೆಯುವುದು.

ಹೊಸಬರು ನಗುತ್ತಾರೆ,
ಸುತ್ತ ಇಷ್ಟು ಮರಳಿಟ್ಟುಕೊಂಡು
ಕಲ್ಲು ಪುಡಿ ಮಾಡುತ್ತೀರಲ್ಲ ಎಂದು.
ಈ ಮರಳು ಬಲು ನಯ, ಅನ್ನುತ್ತೇನೆ ನಾನು,
ಗಾಳಿಗೆ ಉರುಳುರುಳಿ ದುಂಡಗಾದದ್ದು,
ಸಿಮೆಂಟು ಹಿಡಿಯಹೋದರೆ ಜಾರುತ್ತದೆ.
ಗೋಡೆಗೆ ಬೇಕಾದ್ದು ಮೂಲೆ ಸವೆಯದ ಒರಟು.

ನಮ್ಮ ಕಡೆ ಇದಕ್ಕೆ ಸಾಣಿಗಿ ಅಂತೀವಿ.
ಸಿಂಧನೂರಿನ ನೀಲವ್ವತ್ತೆ ಅದರ ಕಡೆ ನೋಡುತ್ತಲೇ ಇರಲಿಲ್ಲ.
ಅಂಗೈಯಿಂದ ಅಂಚಿಗೆ ತಟ್ಟುತ್ತ,
ಪಕ್ಕದ ಮನೆಯವಳ ಸಂಗಡ ಜಗಳವಾಡುತ್ತ,
ಸದ್ದು ಬದಲಾದ ಗಳಿಗೆ ಕೈ ನಿಲ್ಲಿಸುತ್ತಿದ್ದಳು:
ಮುಗೀತ್ ನೋಡು, ಉಳಿದದ್ದು ತವುಡು, ಎಮ್ಮಿಗಿ ಹಾಕು.
ಎಮ್ಮೆಗೆ ಅದೇ ಹಬ್ಬ.
ಅವಳ ಸಾಣಿಗಿಯಲ್ಲಿ ಕಸವೆಂಬುದೇ ಇರಲಿಲ್ಲ,
ಬೇರೆ ಬೇರೆ ಬಾಯಿಗಳಿದ್ದವು, ಅಷ್ಟೆ.

ಅಕ್ಕಿಯನ್ನು ಕೇರು, ಬೇಳೆಯನ್ನು ಗಾಳಿಸು,
ಚಹಾ ಸೋಸು, ಹಿಟ್ಟು ಹಿಡಿ,
ಕಾಳು ಹಸನು ಮಾಡು, ಕಳೆದದ್ದನ್ನು ಶೋಧಿಸು
ಎಂದು ಒಂದೊಂದಕ್ಕೆ ಒಂದೊಂದು ಮಾತು ಕೊಟ್ಟ ನಾಲಿಗೆ.
ಇಲ್ಲಿಯ ರಿಪೋರ್ಟಿನಲ್ಲಿ ಎರಡೇ ಕಾಲಂ:
ನಿಂತಿತು. ಹೋಯಿತು.

ನಾನೂ ಹಾಗೆಯೇ ಬಂದವನು.
ಮುಂಬಯಿಯಲ್ಲಿ ಎದೆಯ ಫೋಟೋ, ಸೀಸೆಯಲ್ಲಿ ರಕ್ತ, ಹತ್ತು ಬೆರಳಿನ ಗುರುತು.
ಎದೆಯಲ್ಲಿ ಬೇಳೆಯಷ್ಟು ಹಳೆಯ ಕಲೆಯಿದ್ದ ಲಾಡ್ಲೆಸಾಬ
ಮೊದಲ ಜರಡಿಯಲ್ಲೇ ನಿಂತ.
ನಾನು ಹೋದೆ.
ಅವನ ಚೀಲದಲ್ಲಿದ್ದ ಶೇಂಗಾ ಹಿಂಡಿ
ನನ್ನ ಚೀಲದಲ್ಲಿ ವಿಮಾನ ಹತ್ತಿತು.

ಹೋದ ಶುಕ್ರವಾರ ಕ್ಯಾಂಪಿನ ಅಂಗಳದಲ್ಲಿ
ನೇಪಾಳದ ದಿಲ್ಲಿರಾಮ ಮೂಗುಬಟ್ಟು ಕಳಕೊಂಡ.
ಹೆಂಡತಿಗೆಂದು ಕೊಂಡದ್ದು, ಜೋಳದ ಕಾಳಿನ ಅರ್ಧ ಬಂಗಾರ,
ಎಲ್ಲರಿಗೂ ತೋರಿಸುವ ಸಡಗರದಲ್ಲಿ
ಗುಲಾಬಿ ಕಾಗದದ ಪೊಟ್ಟಣ ಜಾರಿತ್ತು.
ಯಾರನ್ನೂ ಕೇಳದೆ ಲ್ಯಾಬಿನ ಬೀಗ ತೆಗೆದೆ.
ಎರಡು ಪಾಯಿಂಟ್ ಮೂವತ್ತಾರರದು ತಂದೆ.
ಕುಕ್ಕರುಗಾಲಿನಲ್ಲಿ ಕೂತೆವು ಐದು ಜನ, ಮೂರು ಭಾಷೆ.

ಷೌಕಿ ಸಾಹೇಬರು ಬಂದು ನಿಂತರು.
ಸರ್ಟಿಫಿಕೇಟು ಇರುವ ಜರಡಿ ಅದು,
ಅಂಗಳದ ಮಣ್ಣು ಸೋಕುವಂತಿಲ್ಲ.
ನೋಡಿದರು, ಬಹಳ ಹೊತ್ತು ನೋಡಿದರು.
ಇದರ ಕಣ್ಣು ದೊಡ್ಡದಾಯಿತು,
ಒಂದು ಪಾಯಿಂಟ್ ಹದಿನೆಂಟು ತಾ, ಅಂದರು.

ನಿಂತದ್ದು:
ಖರ್ಜೂರದ ಬೀಜ, ಸೋಡಾದ ಮುಚ್ಚಳ,
ಒಂದು ಸಿಮ್ ಕಾರ್ಡು, ಅಂಗಿಯ ಗುಂಡಿಗಳು,
ಒಂದು ಹಲ್ಲು. ನನ್ನದೆಂದು ಯಾರೂ ಒಪ್ಪಲಿಲ್ಲ.
ಒಂದು ಪುಟ್ಟ ಕೀಲಿ, ಅದು ಸರ್ಫುದ್ದೀನನದು.
ಕಂಪನಿ ಪಟ್ಟಿ ಹಿಡಿದು ಜಾಡಿಸಿದ ವಾರ
ಅವನು ಪೆಟ್ಟಿಗೆಯ ಬೀಗ ಕಲ್ಲಿನಿಂದ ಜಜ್ಜಿ ಒಡೆದು ಊರಿಗೆ ಹೊರಟದ್ದು
ನಮಗೆಲ್ಲ ನೆನಪಿತ್ತು.
ಕೀಲಿಯನ್ನು ಯಾರೂ ಎಸೆಯಲಿಲ್ಲ. ಯಾರೂ ಇಟ್ಟುಕೊಳ್ಳಲೂ ಇಲ್ಲ.
ಕಿಟಕಿಯ ದಂಡೆಯ ಮೇಲಿದೆ.

ಮೂಗುಬಟ್ಟು ಸಿಗಲಿಲ್ಲ. ಮಗ್ರಿಬ್ ಕೂಗಿದರು, ಕತ್ತಲಾಯಿತು.

ಕೊನೆಯ ಜರಡಿಗೂ ನಿಲ್ಲದ ಧೂಳಿಗೆ ಬೇರೆ ಕ್ರಮವಿದೆ.
ತೊಳೆದು ಮೋರಿಗೆ ಬಿಡುತ್ತೇವೆ, ಯಾರೂ ಅದನ್ನು ತೂಗುವುದಿಲ್ಲ.
ಉಳಿದದ್ದನ್ನು ಒಣಗಿಸಿ, ತೂಗಿ,
ಮೊದಲಿನ ತೂಕದಿಂದ ಕಳೆದರೆ
ಹೋದದ್ದು ಎಷ್ಟೆಂದು ಗೊತ್ತಾಗುತ್ತದೆ.
ಎಷ್ಟೆಂದು ಮಾತ್ರ.

ದಿಲ್ಲಿರಾಮ ಈಗಲೂ ಊಟವಾದ ಮೇಲೆ
ಮೊಬೈಲಿನ ಬೆಳಕು ನೆಲಕ್ಕೆ ಬಿಟ್ಟುಕೊಂಡು
ಅಂಗಳದಲ್ಲಿ ಸುತ್ತುತ್ತಾನೆ.
ನಾನು ಜರಡಿಯ ಅಂಚಿಗೆ ಅಂಗೈಯಿಂದ ತಟ್ಟುತ್ತೇನೆ.
ಯಂತ್ರವಿದೆ, ತಟ್ಟಬೇಕಾಗಿಲ್ಲ.
ಸದ್ದು ಇನ್ನೂ ಬದಲಾಗಿಲ್ಲ.