ಗಣೇಶಪೇಟೆಯಲ್ಲಿ ಗೇಣು

ನಸುಕಿನ ನಾಲ್ಕೂವರೆಗೆ
ಅರಬೈಲು ಘಟ್ಟ ಹತ್ತಿ ಬಂದ ಲಾರಿ
ಗಣೇಶಪೇಟೆಯ ಸಂದಿಯಲ್ಲಿ ಹಿಂದಕ್ಕೆ ಸರಿಯುತ್ತದೆ.
ಬಾಗಿಲು ತೆಗೆದರೆ ಮೊದಲು ಇಳಿಯುವುದು ನೀರು:
ಯಲ್ಲಾಪುರ, ಕಲಘಟಗಿ ದಾಟುವಷ್ಟರಲ್ಲಿ ಕರಗಿದ ಮಂಜುಗಡ್ಡೆ.
ಕಡಲಿಲ್ಲದ ಹುಬ್ಬಳ್ಳಿಯ ಗಟಾರಿಗೆ
ದಿನಾ ಅಷ್ಟು ಉಪ್ಪು.

ನನ್ನ ಕೈಯಲ್ಲಿ ಧಾರವಾಡದ ಬಡಿಗೇರ ಚನ್ನವೀರಪ್ಪ ಮಾಡಿಕೊಟ್ಟ
ಸಾಗವಾನಿಯ ಅಳತೆಪಟ್ಟಿ, ಒಂದು ತುದಿಗೆ ತಡೆ.
ಮೀನಿನ ಮೂತಿ ಅಲ್ಲಿ ಒತ್ತಬೇಕು, ಬಾಲ ಚಾಚಬೇಕು, ಬರೆಯಬೇಕು.
ಬಂಗಡೆ: ಹದಿನಾಲ್ಕು. ಹದಿಮೂರೂವರೆ. ಹದಿನಾಲ್ಕು.
ಮೊದಲ ವಾರ ಮಕ್ತುಮ್‌ಸಾಬ್ ಮುಲ್ಲಾನವರ
ತೂಕ-ಅಳತೆ ಇಲಾಖೆಯವಳೆಂದು ತಿಳಿದು ಚಹಾ ತರಿಸಿದ,
ತಕ್ಕಡಿ ತೊಳೆಸಿದ, ಕಲ್ಲುಗಳನ್ನು ಮುಚ್ಚಿಟ್ಟ.
ಯುನಿವರ್ಸಿಟಿ ಅಂದಮೇಲೆ ಚಹಾ ನಿಂತಿತು.

ನಾನು ಅಣ್ಣಿಗೇರಿಯವಳು.
ಇಪ್ಪತ್ತೆರಡರವರೆಗೆ ಮೀನು ಕಂಡದ್ದು
ಕ್ಯಾಲೆಂಡರಿನ ಮೀನರಾಶಿಯಲ್ಲಿ.
ಅಳತೆಪಟ್ಟಿ ಮನೆಯೊಳಗೆ ಬರುವಂತಿಲ್ಲ;
ಚಪ್ಪಲಿ ಬಿಡುವಲ್ಲಿ ಒಂದು ಮೊಳೆ ಹೊಡೆಸಿದ್ದಾಳೆ ಅವ್ವ.
"ಸತ್ತದ್ದನ್ನ ಅಳದು ಏನ್ ಮಾಡ್ತಿ?"
ವಿಭೂತಿ ಉಂಡಿ ಕೈಯಲ್ಲಿ ಹಿಡಿದೇ ಕೇಳುತ್ತಾಳೆ.
ನನ್ನ ಗೈಡೂ ಅದನ್ನೇ ಕೇಳಿದ್ದರು, ಇಂಗ್ಲಿಷಿನಲ್ಲಿ.

ಕೆಳಗೆ, ಕಾರವಾರದಾಚೆಯ ಕೇರಿಯಲ್ಲಿ
ಬಲೆ ಮಡಚಿದ ಷೆಡ್ಡಿನ ಗೋಡೆಗೆ ಗ್ರಾಫು ಬಿಟ್ಟೆ.
ಕೆಂಪು ಗೆರೆ ಇಳಿಯುತ್ತಿತ್ತು. ಯಾರೂ ಮಾತಾಡಲಿಲ್ಲ.
ಹಿಂದಿನ ಸಾಲಿನಿಂದ ಶೇವಂತಿ ತಾಂಡೇಲ ಮಾತ್ರ:
"ನಮ್ ಮೀನು ಎಲ್ಲಿ ಹೋಗ್ತದೆ ಅಂತ ನಾನೇ ನೋಡ್ಬೇಕು."
ಅಂದು ರಾತ್ರಿಯೇ ಅದೇ ಲಾರಿ,
ಡ್ರೈವರನ ಪಕ್ಕ ಅವಳು, ಅವಳ ಪಕ್ಕ ನಾನು.

ಹುಬ್ಬಳ್ಳಿಯ ಚಳಿಗೆ ಸೆರಗನ್ನು ತಲೆಗೆ ಸುತ್ತಿ
ಕ್ರೇಟಿನಿಂದ ಒಂದು ಬಂಗಡೆ ಎತ್ತಿದಳು,
ಹೆಬ್ಬೆರಳ ಉಗುರಿನಿಂದ ಹೊಟ್ಟೆ ಸೀಳಿದಳು.
"ತತ್ತಿ ಇಲ್ಲ. ಕೂಸು ಇದು."
ನನ್ನ ಮೂರು ತಿಂಗಳು ಅಷ್ಟರಲ್ಲಿ ಮುಗಿಯಿತು.

"ಅಕ್ಕಾ, ಸಣ್ಣವು ಖಾನಾವಳಿಯವ್ರು ಒಯ್ತಾರ,
ಒಂದ್ ಪ್ಲೇಟಿಗೆ ಎರಡು ಕುಂದರ್ತಾವ," ಎಂದ ಮಕ್ತುಮ್‌ಸಾಬ್.
"ನೀ ತಗೊಳ್ತೆ ಅಂತ ಅವ್ರು ಹಿಡೀತ್ರು,
ಅವ್ರು ಹಿಡೀತ್ರು ಅಂತ ನೀ ತಗೊಳ್ತೆ.
ಹೋದ ಮಳೆಗಾಲ ಕಡಲು ನನ್ನ ಅಂಗಳಕ್ಕೇ ಬಂತು,
ಎರಡು ತೆಂಗು ತಗೊಂಡು ಹೋಯ್ತು.
ಅದೂ ಸಣ್ಣದು ದೊಡ್ಡದು ನೋಡ್ಲಿಲ್ಲ."

ನಾನು ಅಳತೆಪಟ್ಟಿ ಚಾಚಿದೆ. ಅವಳು ತಲೆಯಾಡಿಸಿದಳು:
"ಇದು ದೋಣಿಯಲ್ಲಿ ಯಾರ ಹತ್ರ ಉಂಟು?"
ಮೀನಿನ ಪಕ್ಕ ಕೈ ಅಗಲಿಸಿದಳು,
ಉಪ್ಪು ತಿಂದ ಉಗುರು, ನೆಟ್ಟಗಾಗದ ಒಂದು ಬೆರಳು.
ಅದರ ಕೆಳಗೆ ಪಟ್ಟಿ ಇಟ್ಟು ನೋಡಿದೆ:
ಹೆಬ್ಬೆರಳಿಂದ ಕಿರುಬೆರಳಿಗೆ ಹದಿನೆಂಟೂವರೆ.
ನೂರಿಪ್ಪತ್ತು ಪುಟ ತಗೊಂಡು
ನನ್ನ ವಹಿಯೂ ಸುಮಾರು ಅಲ್ಲಿಗೇ ಬಂದಿತ್ತು.

ಮಕ್ತುಮ್‌ಸಾಬ್ ಏನೂ ಒಪ್ಪಲಿಲ್ಲ, ಆದರೆ ಸೀಮೆಸುಣ್ಣ ಹುಡುಕಿದ,
ಹಲಗೆಯ ಮೇಲೆ ಅವಳ ಕೈಯ ಸುತ್ತ ಗೆರೆ ಎಳೆದ.
ಒಂಬತ್ತಕ್ಕೆಲ್ಲ ನೀರಿಗೆ ಅಳಿಸಿಹೋಯಿತು.
ಮರುದಿನ ನೆನಪಿನಿಂದ ತಾನೇ ಬರೆದ,
ಬೆರಳು ಒಂದು ಜಾಸ್ತಿ.

ಆಮೇಲೆ ಎಲ್ಲ ಸರಿಹೋಯಿತೆಂದು ಬರೆಯಲಾರೆ.
ಯುಗಾದಿಯ ಮುಂದಿನ ವಾರ
ಹದಿಮೂರು ಸೆಂಟಿಮೀಟರಿನ ಎರಡು ಗಾಡಿ ಬಂದವು.
ಆತ ಮುಟ್ಟಲಿಲ್ಲ, ಒಂದು ದಿನ.
ಎರಡನೆಯ ದಿನ ಅರ್ಧ ಕ್ರೇಟು ತಗೊಂಡ,
ನನ್ನ ಕಡೆ ನೋಡಲಿಲ್ಲ.
ಆ ಹಲಗೆಯನ್ನು ಮಾತ್ರ ಬೋರಲು ಹಾಕಿದ್ದ.
ಕೆಳಗಿನಿಂದ ಶೇವಂತಿಯ ಫೋನು:
ನಲವತ್ತು ದೋಣಿಗಳಲ್ಲಿ ಹನ್ನೊಂದು
ದೊಡ್ಡ ಕಣ್ಣಿನ ಬಲೆ ಕಟ್ಟಿವೆ. ಹನ್ನೊಂದು.
ಅದನ್ನೂ ವಹಿಯಲ್ಲಿ ಬರೆದೆ, ಮೀನಿನ ಕಾಲಮ್ಮಿನಲ್ಲೇ.

ನಿನ್ನೆ ಪಟ್ಟಿ ಮೊಳೆಗೆ ಸಿಕ್ಕಿಸಿ ಕೈ ತೊಳೆಯುತ್ತಿದ್ದೆ.
ಅವ್ವ ರೊಟ್ಟಿ ಬಡಿಯುವುದು ನಿಲ್ಲಿಸಿ
ಹಿಟ್ಟು ಹತ್ತಿದ ಕೈಯನ್ನು ಪರಾತದಲ್ಲಿ ಅಗಲಿಸಿದಳು:
"ಇಷ್ಟಿದ್ರ ಹಿಡೀಬೇಕೋ, ಬಿಡಬೇಕೋ?"
ಹತ್ತಿರ ಹೋಗಿ ನೋಡಿದೆ.
"ನಿನ್ನ ಗೇಣು ಸಣ್ಣದವ್ವ. ಬಿಡಬೇಕು."
ಹೌದೇನು ಎಂಬಂತೆ ಕೈಯನ್ನೇ ತುಸು ಹೊತ್ತು ನೋಡಿ
ಮುಂದಿನ ರೊಟ್ಟಿಗೆ ಹಿಟ್ಟು ನಾದಿದಳು.