ಷರಾ

ಮಾವಳ್ಳಿಯ ಓಣಿಯಲ್ಲಿ, ಸೈಕಲ್ ರಿಪೇರಿ ಅಂಗಡಿಯ ಮೇಲೆ
ಜಿಲ್ಲಾ ಕಾಯಿಪಲ್ಲೆ ಪ್ರದರ್ಶನ ಸಂಘ.
ಬೋರ್ಡಿನಲ್ಲಿ ಪಲ್ಲೆ ಅಳಿಸಿದೆ, ಕಾಯಿ ಉಳಿದಿದೆ.
ಹಳೆಯ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ.
ಪುಟಕ್ಕೆ ಹನ್ನೆರಡು ರೂಪಾಯಿ, ಟೀ ಸಂಘದ್ದು.

ಐದು ಕಲಂ:
ಹೆಸರು, ಊರು, ಬೆಳೆ, ತೂಕ, ಷರಾ.

ಮೊದಲನೆಯದಕ್ಕೆ ಕೆಂಪು ಬಟ್ಟೆಯ ರಟ್ಟು, ಜಿರಲೆ ವಾಸನೆ.
ಬರೆದ ಗುಮಾಸ್ತ ಯಾವುದೋ ಕಚೇರಿಯಿಂದ ಎರವಲು ಬಂದವನಿರಬೇಕು,
ಅವನ ಕೊಂಬು ಎಳೆದರೆ ಕೆಳಸಾಲಿನವರ ಬೆಳೆಗೆ ಚುಚ್ಚುತ್ತದೆ.

ಪಿಳ್ಳಪ್ಪ. ಸಂಪಂಗಿ ಕೆರೆ ಹಿಂದಣ ತೋಟ. ಮೂಲಂಗಿ. ಎರಡೂವರೆ ಸೇರು.
ಷರಾ: ಮಣ್ಣು ತೊಳೆದಿಲ್ಲ. ಬಹುಮಾನಕ್ಕೆ ಅರ್ಹವಲ್ಲ.

ಕರ್ನಲ್ ಸಾಹೇಬರ ದೊರೆಸಾನಿ. ದಂಡು. ಹೂಕೋಸು.
ಷರಾ: ಬೆಳ್ಳಿ ಬಟ್ಟಲು.
ಅದರಡಿಯಲ್ಲೇ ಸಣ್ಣಕ್ಷರದಲ್ಲಿ, ಯಾರೂ ಕೇಳದೆ:
ಬೆಳೆದವನು ಮಾಲಿ ಚೌಡಯ್ಯ.

ಗುಮಾಸ್ತನೇ, ನಿನಗೊಂದು ನಮಸ್ಕಾರ.

ಮರುವರ್ಷ ಪಿಳ್ಳಪ್ಪ ತೊಳೆದೇ ತಂದ.
ಷರಾ: ಬಾಡಿದೆ.
ಅದರಾಚೆ ವರ್ಷ ಒದ್ದೆ ಗೋಣಿಯಲ್ಲಿ ಸುತ್ತಿ ನಸುಕಿಗೇ ಬಂದ.
ಷರಾ: ಗೇಟು ತೆರೆದಿರಲಿಲ್ಲ. ಹಸು ತಿಂದಿದೆ.

ಆಮೇಲೆ ಪ್ಲೇಗು. ಎರಡು ಪುಟ ಖಾಲಿ.
ಮತ್ತೆ ಶುರುವಾದಾಗ ಹಳೆ ಪಟ್ಟಿಯನ್ನೇ ಕೂಗಿದ್ದಾರೆ.
ಬರಲಿಲ್ಲ. ಬರಲಿಲ್ಲ. ಬರಲಿಲ್ಲ.
ಒಂದೇ ಮಸಿಯಲ್ಲಿ ಹನ್ನೊಂದು ಸಲ.
ಹನ್ನೆರಡನೆಯದು: ಹೆಂಡತಿ ಬಂದಳು. ಬದನೆ.

ಆಂಜಿನಪ್ಪನ ಹೆಂಡತಿ ಎಂದೇ ಒಂಬತ್ತು ವರ್ಷ ಬರೆದಿದ್ದಾರೆ.
ನಾಲ್ಕು ಸಲ ಗೆದ್ದಿದ್ದಾಳೆ, ಅವನ ಹೆಸರಿನ ಪತ್ರ ಒಯ್ದಿದ್ದಾಳೆ.
ಹತ್ತನೆಯ ವರ್ಷ ಬೇರೆ ಕೈ, ದುಂಡಗಿನ ಅಕ್ಷರ,
ಹೊಸ ಹುಡುಗನಿರಬೇಕು, ಕೇಳಿದ್ದಾನೆ.
ಅಕ್ಕಯ್ಯಮ್ಮ.
ಪಕ್ಕದಲ್ಲಿ ಎಡಗೈ ಹೆಬ್ಬೆಟ್ಟು.
ಮಸಿ ಒಣಗಿತ್ತೋ, ಅವಳಿಗೆ ಕಾಯಲು ಪುರುಸೊತ್ತಿರಲಿಲ್ಲವೋ,
ಒತ್ತಿರುವುದು ಮಸಿಯಲ್ಲಿ ಅಲ್ಲ, ಗೋಡಿನಲ್ಲಿ.
ಕಪ್ಪು, ನುಣ್ಣನೆಯ ಕೆರೆಗೋಡು.
ಉಗುರಿನಿಂದ ಮೆಲ್ಲಗೆ ಮುಟ್ಟಿದೆ. ಒಂದು ಚೂರು ಎದ್ದು ಬಂತು.
ಏನು ಮಾಡಲಿ ಅದನ್ನ? ಊದಲು ಮನಸ್ಸಾಗಲಿಲ್ಲ.
ಪುಟ ಮುಚ್ಚಿ ಅಲ್ಲೇ ಬಿಟ್ಟೆ.

ಸೇರು ಹೋಗಿ ಪೌಂಡು, ಪೌಂಡು ಹೋಗಿ ಕಿಲೋ.
ಊರಿನ ಕಲಮಿನಲ್ಲಿ ತೋಟಗಳು ಮೆಲ್ಲಗೆ ನಡೆಯುತ್ತವೆ,
ಧರ್ಮಾಂಬುಧಿ ಕೆರೆಯ ಕೆಳಗಿನಿಂದ ಕೋರಮಂಗಲಕ್ಕೆ,
ಕೋರಮಂಗಲದಿಂದ ವರ್ತೂರಿಗೆ, ವರ್ತೂರಿನಿಂದ ಹೊಸಕೋಟೆಯಾಚೆಗೆ,
ಬುಟ್ಟಿ ಹೊತ್ತವರ ಹಾಗೆ, ಒಬ್ಬರ ಹಿಂದೆ ಒಬ್ಬರು.
ಹೋದ ವರ್ಷದ್ದು: ಟವರ್ ಸಿ, ಹದಿನಾಲ್ಕನೇ ಮಹಡಿ. ಪುದೀನ. ನೂರಿಪ್ಪತ್ತು ಗ್ರಾಂ.
ಅಯ್ಯೋ ಅನ್ನಬೇಡಿ.
ಪುದೀನ ಚೆನ್ನಾಗಿತ್ತು, ನಾನೇ ಮೂಸಿದ್ದೇನೆ.
ತಂದಾಕೆಯ ಉಗುರಿನಲ್ಲೂ ಮಣ್ಣಿತ್ತು.

ತೊಂದರೆ ಯಂತ್ರದ್ದು.
ಊರು ಬರೆದರೆ ಪಿನ್ ಕೋಡ್ ಕೇಳುತ್ತದೆ, ಕೆಂಪು ಚುಕ್ಕಿ ತೋರಿಸಿ.
ಸಂಪಂಗಿ ಕೆರೆಗೆ ಪಿನ್ ಕೋಡ್ ಎಲ್ಲಿಂದ ತರಲಿ?
ಅಲ್ಲೀಗ ಹುಡುಗರು ಷೂ ಕಟ್ಟಿ ದುಂಡಗೆ ಓಡುತ್ತಾರೆ.
ಅವರ ಪಿನ್ನನ್ನೇ ಹಾಕಿದೆ, ಎಲ್ಲ ತೋಟಗಳಿಗೂ.
ಹೆಬ್ಬೆಟ್ಟಿಗೆ ಜಾಗವೇ ಇಲ್ಲ.
ಕಾರ್ಯದರ್ಶಿ ಹೇಳಿದರು: ಬಿಟ್ಬಿಡಮ್ಮಾ, ಯಾರು ನೋಡ್ತಾರೆ.

ಪಿಳ್ಳಪ್ಪ ಕೊನೆಗೂ ಗೆಲ್ಲಲಿಲ್ಲ. ಹುಡುಕಿದೆ.
ಟೊಳ್ಳು. ಕವಲು ಒಡೆದಿದೆ. ಎರಡನೆಯದು,
ಆ ವರ್ಷ ಎರಡನೆಯದಕ್ಕೆ ಬಹುಮಾನವಿಲ್ಲ.
ಅವನ ಕಡೆಯ ಸಾಲು ಮಾತ್ರ ವಿಚಿತ್ರ.
ಬೆಳೆ ಖಾಲಿ, ತೂಕ ಖಾಲಿ, ಅದೇ ಉದ್ದ ಕೊಂಬಿನ ಮುದಿ ಅಕ್ಷರ:
ಷರಾ: ಈ ಸಲ ಏನೂ ತಂದಿಲ್ಲ. ನೋಡಲು ಬಂದಿದ್ದಾನೆ.

ಬೆಳೆ ಖಾಲಿ ಬಿಟ್ಟರೆ ಯಂತ್ರ ಮುಂದಕ್ಕೆ ಬಿಡುವುದಿಲ್ಲ.
ಟೀ ಆರಿತು. ಕೆಳಗೆ ಯಾರದೋ ಟೈರಿಗೆ ಗಾಳಿ ಹೊಡೆಯುತ್ತಿದ್ದರು.
ಬೆಳೆಯ ಜಾಗದಲ್ಲಿ ಪಿಳ್ಳಪ್ಪ ಎಂದು ಒತ್ತಿದೆ.
ಒಪ್ಪಿಕೊಂಡಿತು.

ಈಗ ತೂಕ ಕೇಳುತ್ತಿದೆ.